ಅಕ್ಕ ಹೇಳದೆ ಉಳಿಸಿಕೊಂಡ ಮಾತು

“ಗುರುಗಳೇ, ಹೊಟ್ಟೆಕಿಚ್ಚನ್ನು ಹೊರಗೆ ತೋರಿಸದೆ ಒಳಗೇ ಇಟ್ಟುಕೊಂಡರೆ ಯಾರಿಗೆ ಏನು ಕೆಡುಕು?” ಎಂದು ಶಿಷ್ಯನು ಕೇಳಿದನು. ಗುರುಗಳು ಈ ಕತೆ ಹೇಳಿದರು.

ಗೌರವ್ವ ಎಂಬ ಹೆಂಗಸು ತಾಯಿಯಿಲ್ಲದ ತಂಗಿಯನ್ನೂ ತಮ್ಮನನ್ನೂ ತಾನೇ ಸಾಕಿದ್ದಳು. ತಮ್ಮ ಕಲ್ಲಪ್ಪನೆಂದರೆ ಅವಳಿಗೆ ಜೀವ. ಅವನಿಗೆ ರಕ್ತದ ಕಾಯಿಲೆ ಬಂತು. ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಅದನ್ನು ಕಸಿ ಮಾಡಿ ಉಳಿಸಬಹುದು ಎಂದರು ವೈದ್ಯರು. ತನ್ನದೇ ಹೊಂದುತ್ತದೆಂದು ಗೌರವ್ವ ನಂಬಿದ್ದಳು. ಹೊಂದಿದ್ದು ತಂಗಿ ಮಾಂತವ್ವನದು.

ಕಲ್ಲಪ್ಪ ಚೇತರಿಸಿಕೊಂಡ. ತನ್ನ ಮೈಯಲ್ಲಿ ಹರಿಯುವುದು ಮಾಂತವ್ವನ ರಕ್ತ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಗಂಜಿ ಕಾಯಿಸಿ ಕೊಡುತ್ತಿದ್ದ ಗೌರವ್ವ ಅದನ್ನು ಕೇಳಿ ನಗುತ್ತಿದ್ದಳು. ಒಳಗೆ ಕುದಿಯುತ್ತಿದ್ದಳು. ಇಷ್ಟು ವರ್ಷ ಎತ್ತಿ ಆಡಿಸಿದ್ದು ಲೆಕ್ಕಕ್ಕೇ ಬರಲಿಲ್ಲವೆ ಎನಿಸುತ್ತಿತ್ತು.

ಕೆಲವು ತಿಂಗಳಾದ ಮೇಲೆ ಕಲ್ಲಪ್ಪನಿಗೆ ತಲೆನೋವು ಹತ್ತಿತು. ಮಾತು ತೊದಲಿತು, ಒಂದು ಕೈ ಸೋತಿತು. ವೈದ್ಯರು ಗೌರವ್ವನನ್ನು ಕರೆದು ತಿಳಿಸಿದರು. ಕಸಿಯಾದ ಮಜ್ಜೆಯಿಂದ ಹುಟ್ಟಿದ ಕಣಗಳು ಅವನ ಮಿದುಳಿನ ರಕ್ತನಾಳಗಳನ್ನು ಪರಕೀಯವೆಂದು ಬಗೆದು ಉರಿಯೂತ ಎಬ್ಬಿಸಿದಂತಿದೆ. ತಲೆಬುರುಡೆ ತೆರೆದು ಒತ್ತಡ ಇಳಿಸಬೇಕು, ಉರಿಯೂತವಿರುವ ಕಡೆಯಿಂದ ಒಂದು ಚೂರು ತೆಗೆದು ಪರೀಕ್ಷಿಸಬೇಕು ಎಂದರು. ಇದು ಯಾರ ಮಜ್ಜೆಯಿಂದಲೂ ಆಗಬಹುದಿತ್ತು, ಆ ಮಜ್ಜೆ ಸಿಗದಿದ್ದರೆ ಅವನು ಈವರೆಗೆ ಉಳಿಯುತ್ತಲೇ ಇರಲಿಲ್ಲ ಎಂದೂ ಹೇಳಿದರು.

ತಮ್ಮನನ್ನು ಒಳಗೆ ಕರೆದೊಯ್ದ ಮೇಲೆ, ಕಸಿಯಿಂದಲೇ ಹೀಗಾಯಿತೆಂದು ಯಾರೋ ಅಂದದ್ದನ್ನು ಕೇಳಿದ್ದ ಮಾಂತವ್ವ ಬಂದು ಅಕ್ಕನ ಪಕ್ಕ ಕೂತಳು.

“ಅಕ್ಕಾ, ನನ್ನ ರಕ್ತವೇ ಅವನಿಗೆ ಹೀಗೆ ಮಾಡಿತೆ?”

ಯಾರ ಮಜ್ಜೆಯಿಂದಲೂ ಆಗಬಹುದಿತ್ತು ಎಂಬ ವೈದ್ಯರ ಮಾತು ಗೌರವ್ವನ ನಾಲಿಗೆಯ ತುದಿಯಲ್ಲಿತ್ತು. ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಮಾಂತವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಹೋದಳು.

ಶಸ್ತ್ರಚಿಕಿತ್ಸೆ ಫಲಿಸಿತು. ಉರಿಯೂತ ಇಳಿಯಲು ತಕ್ಕ ಔಷಧಿ ಕೊಟ್ಟರು. ಕಲ್ಲಪ್ಪನ ಮಾತು ಮರಳಿತು, ಕೈ ಆಡಿತು. ಆದರೆ ಮಾಂತವ್ವ ಮತ್ತೆ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ. ತನ್ನ ನೆರಳೂ ಅವನಿಗೆ ಕೇಡು ಎಂದುಕೊಂಡಳು. ಗೌರವ್ವ ಬಯಸಿದಂತೆ ತಮ್ಮ ಅವಳೊಬ್ಬಳ ಪಾಲಾದ. ಅವನೋ, ಊಟಕ್ಕೆ ಕೂತಾಗಲೆಲ್ಲ ಮಾಂತವ್ವ ಏಕೆ ಬರಲಿಲ್ಲ ಎಂದು ಕೇಳುತ್ತಾನೆ. ಗೌರವ್ವ ಅನ್ನ ಬಡಿಸುತ್ತಾಳೆ.

ಶಿಷ್ಯನು, “ಅವಳು ಕೆಟ್ಟ ಮಾತು ಒಂದನ್ನೂ ಆಡಲಿಲ್ಲವಲ್ಲ, ಗುರುಗಳೇ?” ಎಂದನು.

ಗುರುಗಳು ಅವನ ಮುಖ ನೋಡಿ ಕೇಳಿದರು: “ನೀನು ಯಾರ ಮುಂದೆ ಸುಮ್ಮನಿದ್ದು ಬಂದೆ?”