ಮೊದಲ ಪಂಕ್ತಿಯ ಸಾರು

“ಗುರುಗಳೇ, ದಿನವೂ ಹೊಟ್ಟೆ ತುಂಬ ಬಡಿಸಿದರೂ ಬಡವರ ಮಕ್ಕಳು ಸೊರಗಿಯೇ ಇರುತ್ತಾರೆ. ಇದು ಅವರ ಪ್ರಾರಬ್ಧವಲ್ಲವೇ?”

ಕೇಳಿದವನು ಮಠದ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿ, ಕೈ ತೊಳೆದು ಬಂದ ಶಿಷ್ಯ. ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಲಿಲ್ಲ. ನಿಂತವನಿಗೇ ಕತೆ ಹೇಳಿದರು.

ಒಂದು ಊರಿನ ಜನ ಸೇರಿ ಶಾಲೆಯ ಮಕ್ಕಳಿಗೆಲ್ಲ ಊಟ ಹಾಕಲು ನಿಶ್ಚಯಿಸಿದರು. ಮನೆಮನೆಯಿಂದ ಅಕ್ಕಿ ಬಂತು, ಬೇಳೆ ಬಂತು. ಒಬ್ಬ ವ್ಯಾಪಾರಿ ಉಸ್ತುವಾರಿ ವಹಿಸಿಕೊಂಡು ಒಂದು ನಿಯಮ ಮಾಡಿದ. ಊರ ಹೊರಗಿನ ಕೇರಿಯ ಮಕ್ಕಳು ಹಸಿದು ಬರುತ್ತಾರೆ, ಆದ್ದರಿಂದ ಮೊದಲ ಪಂಕ್ತಿ ಅವರದು. ಊರೊಳಗಿನ ಮಕ್ಕಳು ಆಮೇಲೆ ಉಣ್ಣಲಿ. ಎಂಥ ಧರ್ಮಿಷ್ಠ ಎಂದು ಜನ ಅವನಿಗೆ ಕೈ ಮುಗಿದರು.

ವರ್ಷ ಕಳೆಯಿತು. ಆಮೇಲೆ ಉಂಡವರು ದುಂಡಗಾದರು. ಮೊದಲು ಉಂಡವರ ಪಕ್ಕೆಲುಬು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. “ಅವರ ಮೈಗೆ ಅನ್ನ ಹತ್ತುವುದಿಲ್ಲ” ಎಂದು ಊರು ತೀರ್ಪು ಕೊಟ್ಟಿತು.

ಆ ಕೇರಿಯಲ್ಲಿ ಕೂಲಿ ಮಾಡುವ ಒಬ್ಬ ತಾಯಿ ಇದ್ದಳು. ಅವಳ ಮಗಳು ಶಾಲೆಗೆ ನಡೆಯುವಾಗ ಕಣ್ಣು ಕತ್ತಲೆ ಬಂದು ದಾರಿಯಲ್ಲೇ ಕುಸಿಯುತ್ತಿದ್ದಳು. ಒಂದು ದಿನ ಹಾಗೆ ಕುಸಿದು, ಸುಧಾರಿಸಿಕೊಂಡು ತಲುಪುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿತ್ತು. ಹುಡುಗಿ ಕೊನೆಯವರ ಜೊತೆ ಉಂಡಳು. ಸಂಜೆ ತಾಯಿ ಅವಳ ಕೈ ಹಿಡಿದು ಮೂಸಿದಳು.

“ಯಾರ ಮನೆಯಲ್ಲಿ ಉಂಡೆಯೇ? ಕೈಯೆಲ್ಲ ಬೇಳೆ ವಾಸನೆ.”

“ಶಾಲೆಯಲ್ಲೇ ಅವ್ವ. ಕೊನೆಗೆ ಕೂತರೆ ಸಾರಿನಲ್ಲಿ ಬೇಳೆ ಇರುತ್ತದೆ.”

ಒಲೆ ಮುಂದೆ ಕೂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಳೆ ತಳದಲ್ಲಿ ಕೂರುತ್ತದೆ. ಹಂಡೆ ಕಲಕದೆ ಬಡಿಸಿದರೆ ಮೇಲಿನ ತಿಳಿ ಮೊದಲಿನವರಿಗೆ, ತಳದ ಗಟ್ಟಿ ಕೊನೆಯವರಿಗೆ. ಧರ್ಮದ ಹೆಸರಿನಲ್ಲಿ ಆ ಮಕ್ಕಳಿಗೆ ವರ್ಷವಿಡೀ ಅರಿಶಿನದ ನೀರು ಕುಡಿಸಿದ್ದರು. ಅದರ ಮೇಲೆ ಅವರ ಮೈಯನ್ನೇ ದೂರಿದ್ದರು.

ಮರುದಿನ ತಾಯಿ ಕೂಲಿಗೆ ಹೋಗದೆ ಶಾಲೆಯ ಅಂಗಳದಲ್ಲಿ ನಿಂತಳು. ವ್ಯಾಪಾರಿ ನಕ್ಕ.

“ಏನಮ್ಮಾ? ಮೊದಲ ಪಂಕ್ತಿಯನ್ನೇ ಕೊಟ್ಟಿದ್ದೇವೆ. ಇನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಇಡಬೇಕೋ?”

“ಇಷ್ಟು ದಿನದ ಮರ್ಯಾದೆಯೇ ನಮಗೆ ಹೆಚ್ಚಾಯಿತು ಧಣಿ. ಇವತ್ತು ನಿಮ್ಮ ಮಗ ಮೊದಲು ಕೂರಲಿ.”

ಊರವರು ನೋಡುತ್ತಿದ್ದರು. ಬೇಡವೆನ್ನಲು ವ್ಯಾಪಾರಿಗೆ ಕಾರಣ ಸಿಗಲಿಲ್ಲ. ಮಗ ಮೊದಲ ತಟ್ಟೆಗೆ ಕುಳಿತ. ಆಗ ವ್ಯಾಪಾರಿ ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡ. ಹಿಡಿಯವರೆಗೂ ಹಂಡೆಯೊಳಗೆ ಇಳಿಸಿದ. ತಳದಿಂದ ಕಲಕಿ, ಮತ್ತೊಮ್ಮೆ ಕಲಕಿ, ಆಮೇಲೆ ಬಡಿಸಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು.

“ಎಲ್ಲ ಗೊತ್ತಿದ್ದೇ ಮಾಡಿದನಲ್ಲ! ಆ ವ್ಯಾಪಾರಿಯ ಪಾಪಕ್ಕೆ ಪ್ರಾಯಶ್ಚಿತ್ತವೇ ಇಲ್ಲ” ಎಂದ ಶಿಷ್ಯ.

ಗುರುಗಳು ಅವನ ಕೈಯನ್ನೇ ನೋಡುತ್ತ ಹೇಳಿದರು: “ಇಂದು ಸೌಟು ನಿನ್ನ ಕೈಯಲ್ಲಿತ್ತು; ಅದು ತಳ ಮುಟ್ಟಿತೇ?”