ಅಳಿಯ ತಂದ ತಂತಿ

ರಾಣೆಬೆನ್ನೂರಿನಲ್ಲಿ ಶಿವಪುತ್ರಪ್ಪ ಎಂಬ ಡ್ರಾಯಿಂಗ್ ಮಾಸ್ತರರಿದ್ದರು. ಬಲು ಅಚ್ಚುಕಟ್ಟಿನ ಮನುಷ್ಯ. ಅವರ ಮನೆಯಲ್ಲಿ ಚಪ್ಪಲಿಗಳು ಕೂಡ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿರಬೇಕು. ಬೇರೆಯವರ ಮನೆಗೆ ಹೋದಾಗಲೂ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೆ ಎದ್ದು ನೆಟ್ಟಗೆ ಮಾಡಿ ಬಂದು ಕೂಡುತ್ತಿದ್ದರು. ಒಳ್ಳೆಯ ಗುಣವೇ, ಬೇಡ ಎನ್ನುವವರು ಯಾರು? ಆದರೆ ಅಚ್ಚುಕಟ್ಟಿನವರಿಗೆ ಒಂದು ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಏನೇ ಕೆಟ್ಟರೂ ಅದನ್ನು ಬೇರೆ ಯಾರೋ ಕೆಡಿಸಿದ್ದಾರೆ ಎನ್ನಿಸುತ್ತದೆ.

ನಿವೃತ್ತರಾದ ಮೇಲೆ ಮಾಸ್ತರರು ಮನೆಯಲ್ಲಿಟ್ಟುಕೊಳ್ಳುವಂಥ ಸಣ್ಣ ಮಿಗ್ ವೆಲ್ಡಿಂಗ್ ಯಂತ್ರ ಕೊಂಡರು. ಅದರ ಡಬ್ಬಿಯೊಳಗೆ ತಂತಿಯ ಸುರುಳಿ ಇರುತ್ತದೆ. ಕೈಯಲ್ಲಿ ಹಿಡಿಯುವ ಗನ್ನಿನ ಗುಂಡಿ ಒತ್ತಿದರೆ ಪುಟ್ಟ ಗಾಲಿಗಳು ತಂತಿಯನ್ನು ತಳ್ಳುತ್ತವೆ. ಉದ್ದನೆಯ ಕೇಬಲ್ಲಿನೊಳಗೆ ಒಂದು ನಳಿಕೆ. ಅದರಲ್ಲಿ ಸಾಗಿ ಬಂದ ತಂತಿ ಗನ್ನಿನ ತುದಿಯಲ್ಲಿ ಕರಗಿ ಕಬ್ಬಿಣವನ್ನು ಬೆಸೆಯುತ್ತದೆ.

ಅದೇ ಹೊತ್ತಿಗೆ ಬಸುರಿ ಮಗಳು ಶೈಲಾ ತವರಿಗೆ ಬಂದಳು. ಕುಬಸದ, ಅಂದರೆ ಸೀಮಂತದ, ಕಾರ್ಯವೂ ಇಲ್ಲೇ, ಹೆರಿಗೆಯೂ ಇಲ್ಲೇ. ಅವಳ ಗಂಡ ಚನ್ನವೀರನದು ಹಾವೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಭಾನುವಾರ ಬಂದು ಹೋಗುತ್ತಿದ್ದ. ಮದುವೆಯಾದಾಗಿನಿಂದ ಮಾವ-ಅಳಿಯರ ಮಾತು "ಊಟ ಆತೇನ್ರಿ" ಎಂಬುದನ್ನು ದಾಟಿರಲಿಲ್ಲ. ಯಂತ್ರ ಬಂದ ಮೇಲೆ ದಾಟಿತು. ಹುಟ್ಟುವ ಕೂಸಿಗೆ ತೊಟ್ಟಿಲಿನ ಸ್ಟ್ಯಾಂಡನ್ನು ತಾವೇ ಮಾಡೋಣವೆಂದು ಇಬ್ಬರೂ ಹಿತ್ತಿಲ ಶೆಡ್ಡು ಸೇರಿದರು. ಗಂಡುಮಕ್ಕಳಿಲ್ಲದ ಮಾಸ್ತರರು ಭಾನುವಾರದ ದಾರಿ ಕಾಯತೊಡಗಿದರು.

ಕೆಲಸ ಮುಗಿದ ಮೇಲೆ ಚನ್ನವೀರ ಕೇಬಲ್ಲನ್ನು ನೆಲದ ಮೇಲೆ ಹಾಗೇ ಬಿಟ್ಟು ಏಳುತ್ತಿದ್ದ. "ಇರ್ಲಿ ಬಿಡ್ರಿ ಮಾವಾರ, ಮುಂದಿನ ವಾರ ಮತ್ತ ಬಿಚ್ಚೂದ ಐತಲ್ಲ" ಎನ್ನುತ್ತಿದ್ದ. ಶುದ್ಧ ಸೋಮಾರಿತನ. ಅವನು ಅತ್ತ ಹೋದ ಕೂಡಲೇ ಮಾಸ್ತರರು ಗೊಣಗುತ್ತ ಕೇಬಲ್ಲನ್ನೆತ್ತಿ ಯಂತ್ರದ ಹಿಡಿಕೆಗೆ ಬಿಗಿಯಾಗಿ ಸುತ್ತಿ, ದಾರದಿಂದ ಕಟ್ಟಿ, ಮೇಲೊಂದು ಬಟ್ಟೆ ಹೊದಿಸುತ್ತಿದ್ದರು.

ಹಳೆಯ ಸುರುಳಿ ಮುಗಿದಾಗ ಹೊಸದನ್ನು ಚನ್ನವೀರನೇ ತಂದ. ಆಗಲೇ ಯಂತ್ರ ತಕರಾರು ತೆಗೆಯಿತು. ತಂತಿ ಒಮ್ಮೆ ಬರುತ್ತದೆ, ಒಮ್ಮೆ ನಿಲ್ಲುತ್ತದೆ. ಮಾಸ್ತರರು ಗಾಲಿಗಳ ಮೇಲಿನ ತಿರುಪು ಬಿಗಿ ಮಾಡಿದರು. ತುಸು ಓಡಿ ಮತ್ತೆ ನಿಂತಿತು. ಇನ್ನಷ್ಟು ಬಿಗಿ ಮಾಡಿದರು. ಮುಂದೆ ದಾರಿ ಸಿಗದ ತಂತಿ ಡಬ್ಬಿಯೊಳಗೇ ಮಡಚಿಕೊಂಡು ಶಾವಿಗೆಯಂತೆ ಗೋಜಲಾಯಿತು. ಗನ್ನಿನ ತುದಿಯ ತಾಮ್ರದ ಮೂತಿ ಬದಲಿಸಿದರು. ಆದರೂ ಅದೇ ಗೋಜಲು.

"ಕೇಬಲ್ ಒಳಗ ಒಮ್ಮಿ ನೋಡೂನೇನ್ರಿ?" ಎಂದ ಚನ್ನವೀರ.

"ಕೇಬಲ್ ನಾನ ಸುತ್ತಿ ಇಡತೀನಿ. ಅದಕ್ಕೇನೂ ಆಗಿಲ್ಲ" ಎಂದರು ಮಾಸ್ತರರು. ಅಲ್ಲಿಗೆ ಹುಡುಕುವುದು ಮುಗಿಯಿತು.

ಕುಬಸದ ದಿನ ಮನೆ ತುಂಬ ಜನ. ಚನ್ನವೀರನ ಹುಟ್ಟೂರಿನಿಂದ ಬೀಗರು ಟೆಂಪೋ ಮಾಡಿಕೊಂಡು ಬಂದಿದ್ದರು. ಎಲ್ಲರೂ ಹೊಲಮನೆಯವರು, ಅವನ ಅಂಗಡಿಯಲ್ಲೇ ಬೀಜ ಒಯ್ಯುವವರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹಿರಿಯರೊಬ್ಬರು ಕೇಳಿದರು, "ಮಾಸ್ತರ, ಮಾವ ಅಳಿಯ ಕೂಡಿ ತೊಟ್ಲ ಮಾಡಾಕತ್ತೀರಂತ. ಎಲ್ಲಿಗೆ ಬಂತ್ರಿ?"

ಅದು ಎಲ್ಲಿಗೂ ಬಂದಿರಲಿಲ್ಲ. ಅಷ್ಟು ಜನರ ಮುಂದೆ ಹಾಗೆನ್ನಲು ಮಾಸ್ತರರಿಗೆ ಮುಜುಗರವಾಯಿತು. ನಗೆಯಾಡಿ ಪಾರಾಗೋಣ ಎಂದುಕೊಂಡರು. "ಎಲ್ಲಿಗೆ ಬರತೈತ್ರಿ? ತಂತಿ ತಂದೋರು ನಮ್ಮ ಅಳಿಯಂದ್ರು. ಮೊಳಕಿ ಒಡೀಲಾರದ ಬೀಜ ಮಾರಿ ರೂಢಿ ಅವರಿಗೆ. ಓಡದ ತಂತಿನ ತಂದಾರ!"

ಪಡಸಾಲೆ ಗೊಳ್ಳೆಂದು ನಕ್ಕಿತು. ಚನ್ನವೀರನೂ ನಕ್ಕ, ಎಲ್ಲರಿಗಿಂತ ಕೊಂಚ ತಡವಾಗಿ. ಒಳಬಾಗಿಲಲ್ಲಿ ನಿಂತಿದ್ದ ಶೈಲಾ ನಗಲಿಲ್ಲ.

ಅಂದಿನಿಂದ ಅಳಿಯ ಶೆಡ್ಡಿಗೆ ಕಾಲಿಡಲಿಲ್ಲ. ಬರುತ್ತಿದ್ದ, ಕುರ್ಚಿಯ ತುದಿಗೆ ಕೂಡುತ್ತಿದ್ದ, "ಆರಾಮ್ರಿ ಮಾವಾರ" ಎನ್ನುತ್ತಿದ್ದ, ಹೋಗುತ್ತಿದ್ದ. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಪೇಟೆಯಿಂದ ಬಂತು. ಬಾಣಂತನ ಮುಗಿಸಿಕೊಂಡು ಶೈಲಾ ಗಂಡನ ಮನೆಗೆ ಹೋದಳು. ಮಾಸ್ತರರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೂ ಹೆಂಡತಿಯ ಮುಂದೆ, "ಒಂದು ನಗಿ-ಚಾಷ್ಟಿ ಮಾತು ತಡಕೊಳ್ಳದ ಮನಷ್ಯಾ" ಎಂದು ಅಳಿಯನದೇ ತಪ್ಪು ಎಣಿಸಿದರು.

ಬಹಳ ದಿನಗಳ ಮೇಲೆ ಕಿಟಕಿಯ ಸರಳೊಂದು ಕಿತ್ತುಕೊಂಡಿತು. ಮಾಸ್ತರರು ಪೇಟೆಗೆ ಹೋಗಿ ತಾವೇ ಆರಿಸಿ ಹೊಸ ತಂತಿ ತಂದು ಹಾಕಿದರು. ಅದೂ ತಡವರಿಸಿತು! ಈಗ ಬೈಯಲು ಯಾರೂ ಇರಲಿಲ್ಲ. ಹಾಗಾಗಿ ಹುಡುಕಲೇಬೇಕಾಯಿತು. ಗಾಲಿಗಳ ಹಿಡಿತ ಸಡಿಲಿಸಿ ತಂತಿಯನ್ನು ಸುರುಳಿಯಿಂದ ಕೈಯಲ್ಲಿ ಎಳೆದರು. ಸರಾಗವಾಗಿ ಬಂತು. ಅದನ್ನೇ ಕೇಬಲ್ಲಿನೊಳಗೆ ತಳ್ಳಿದರು. ತುಸು ದೂರ ಹೋಗಿ ಗಕ್ಕನೆ ನಿಂತಿತು. ಕೇಬಲ್ಲಿನೊಳಗಿನ ನಳಿಕೆಯನ್ನು ಹೊರಗೆಳೆದು ನೋಡಿದರು. ಹಿಡಿಕೆಯ ಮೂಲೆಗೆ ಒತ್ತಿ ಸುತ್ತುತ್ತಿದ್ದ ಕಡೆಯಲ್ಲೆಲ್ಲ ಅದು ಮುರಿದಂತೆ ಬಾಗಿ ಹೋಗಿತ್ತು.

ಹೊಸ ನಳಿಕೆ ಹಾಕಿ, ಮೂಲೆಗೆಸೆದಿದ್ದ ಅಳಿಯನ ತಂತಿಯನ್ನೇ ಏರಿಸಿದರು. ಎಲ್ಲೂ ನಿಲ್ಲದೆ ಓಡಿತು. ಮಾಸ್ತರರಿಗೆ ನಾಚಿಕೆಯಾಯಿತು. ನೋಡಲು ಹಿಡಿದದ್ದಾದರೂ ಎಷ್ಟು ಹೊತ್ತು? ಅಷ್ಟನ್ನು ಅಂದೇ ನೋಡಿದ್ದರೆ ಆಗುತ್ತಿತ್ತಲ್ಲ ಎಂದು ಹಳಹಳಿಸಿದರು.

ಅವರು ಹಾವೇರಿಯ ಬಸ್ಸು ಹತ್ತಿ ನೇರವಾಗಿ ಅಂಗಡಿಗೆ ಹೋದರು. "ಅಳಿಯಂದ್ರ, ತಂತಿ ಚಲೋ ಇತ್ರಿ. ಕೇಬಲ್ ಬಿಗಿ ಸುತ್ತಿ ಸುತ್ತಿ ಕೆಡಿಸಿದಾಂವ ನಾನ. ನಂದು ತಪ್ಪಾತು."

ಚನ್ನವೀರ ಕುರ್ಚಿ ಹಾಕಿದ, ಚಹಾ ತರಿಸಿದ. "ಇದಕ್ಕ ಬಸ್ಸು ಹತ್ತಿ ಬರಬೇಕೇನ್ರಿ ಮಾವಾರ? ನೀವು ಚಾಷ್ಟಿಗೆ ಅಂದಿದ್ದು ಅಂತ ನನಗ ಅವತ್ತ ಗೊತ್ತಿತ್ತು."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಆಗ ಅಳಿಯ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ. "ಆದ್ರ ಕುಬಸಕ್ಕ ಬಂದಿದ್ದ ನಮ್ಮೂರ ಮಂದಿ ಈ ಮುಂಗಾರಿಗೆ ನನ್ನ ಕಡೆ ಬೀಜ ಒಯ್ಯಲಿಲ್ರಿ. ಸ್ವಂತ ಮಾವನ ಹಂಗಂದ ಮ್ಯಾಲೆ ಏನರ ಇದ್ದೀತು ಅಂದ್ಕೊಂಡಾರ."

"ನಾ ನಿಮ್ಮೂರಿಗೆ ಹೋಗತೀನಿ. ಮನಿ ಮನಿಗೂ ಹೋಗಿ ಹೇಳತೀನಿ."

"ಏನಂತ ಹೇಳ್ತೀರಿ ಮಾವಾರ? ತಂತಿ ಚಲೋ ಇತ್ತು ಅಂತನಾ? ಅವರು ನೆನಪಿಟ್ಟಿದ್ದು ಬೀಜದ ಮಾತು."

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಬೀಜದ ಬಗ್ಗೆ ಅವರಿಗೆ ಅಂದೂ ಏನೂ ಗೊತ್ತಿರಲಿಲ್ಲ, ಇಂದೂ ಗೊತ್ತಿರಲಿಲ್ಲ.

ಆದರೂ ಹೋಗಿ, ಬೀಜದ ಮಾತು ಬರೀ ನಗೆಗೆ ಆಡಿದ್ದು ಎಂದರು. ಆ ಊರಿನವರು ಗೌರವದಿಂದ ಕೂರಿಸಿ, "ಹೌದ್ರಿ ಮಾಸ್ತರ, ಇರಬಹುದ್ರಿ" ಎಂದು ತಲೆಯಾಡಿಸಿದರು. ಅಳಿಯನೇ ಹೇಳಿ ಕಳಿಸಿದ್ದಾನೆ ಎಂದು ಒಳಗೊಳಗೇ ಅಂದುಕೊಂಡರು. ಮುಂದಿನ ಬಿತ್ತನೆಗೂ ಅವರು ಬೀಜ ಒಯ್ದದ್ದು ಬೇರೆ ಅಂಗಡಿಯಿಂದಲೇ.

ನೀತಿ: ಕೆಟ್ಟದ್ದು ಎಲ್ಲಿ ಎಂದು ನೋಡುವ ಮೊದಲು ಕೆಡಿಸಿದವರು ಯಾರು ಎಂದು ಹೇಳಬೇಡಿ. ಹುಡುಕುವಾಗ ನಮ್ಮ ಕೈ ಆಡಿದ ಜಾಗವನ್ನು ಮೊದಲು ನೋಡಬೇಕು. ನಾಲ್ಕು ಜನರನ್ನು ನಗಿಸಲು ಒಬ್ಬನ ಮೇಲೆ ಹೊರಿಸಿದ ಸುಳ್ಳನ್ನು ಅವನು ಕ್ಷಮಿಸಬಹುದು. ನಕ್ಕವರು ಅದನ್ನು ನಿಜವೆಂದೇ ಮನೆಗೆ ಒಯ್ದಿರುತ್ತಾರೆ.