ನಕಲು ಮಾಡಿದ ಕಲ್ಲುತೊಟ್ಟಿ

“ಮಹಾಪ್ರಭು, ನನ್ನ ಪಾಠಶಾಲೆಯಲ್ಲಿ ನಕಲು ಮಾಡುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ ಇಬ್ಬರನ್ನು ಇವತ್ತು ಹಿಡಿದಿದ್ದೇನೆ.”

ಕಣಗಿಲೆಪುರದ ರಾಜ ಜಯಕೀರ್ತಿಯ ಮುಂದೆ ನಿಂತು ಹೀಗೆ ಕೊಚ್ಚಿಕೊಂಡವನು ವಿರೂಪಾಕ್ಷ ಪಂಡಿತ. ಬದಲಾಗುತ್ತಲೇ ಇರುವುದರ ಲೆಕ್ಕ ಅವನ ವಿದ್ಯೆ. ಹರಿಯುವ ನೀರು, ಆರುವ ಗಂಜಿ, ಬೆಳೆಯುವ ಕುರಿಹಿಂಡು. ಈಗಿನ ಕಾಲೇಜುಗಳು ಅದಕ್ಕೆ ಅವಕಲ ಸಮೀಕರಣ ಎಂದು ಹೆಸರಿಟ್ಟು ಮಕ್ಕಳನ್ನು ಹೆದರಿಸುತ್ತವೆ. ಪಂಡಿತನಿಗೆ ಹೆದರಿಸಲು ಹೆಸರು ಬೇಕಿರಲಿಲ್ಲ. ನಿಯಮಗಳಿದ್ದವು.

ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ತಡವಾಗಿ ತಂದ ಲೆಕ್ಕ ಒಲೆಗೆ. ಸಂದೇಹವಿದ್ದವರು ಪಂಡಿತರ ಊಟಕ್ಕೂ ನಿದ್ದೆಗೂ ನಡುವೆ ಕೇಳಬೇಕು, ಪಂಡಿತರಾದರೋ ಎಲೆಯ ಮುಂದೆಯೇ ತೂಕಡಿಸುತ್ತಿದ್ದರು. ತಪ್ಪಿದ ಪರೀಕ್ಷೆ ಮತ್ತೆ ನಡೆಯುವುದಿಲ್ಲ, ಸಾಯುವವರು ಮುಂಚಿತವಾಗಿ ಒಪ್ಪಿಗೆ ಪಡೆದು ಸಾಯಬೇಕು. ಎಲ್ಲಕ್ಕೂ ಮೇಲೆ, ಇಬ್ಬರ ಉತ್ತರ ಒಂದೇ ಆದರೆ ಇಬ್ಬರೂ ಕಳ್ಳರು, ಇಬ್ಬರೂ ಹೊರಕ್ಕೆ.

ಸಿಕ್ಕಿಬಿದ್ದು ಪಂಡಿತನ ಹಿಂದೆ ನಿಂತಿದ್ದವರಲ್ಲಿ ಒಬ್ಬ ದಂಡನಾಯಕನ ಮಗ ದೇವರಸ. ಹೊರಬಿದ್ದರೆ ಅಪ್ಪನ ಆನೆ ಹತ್ತಿ ಮನೆಗೆ ಹೋಗುತ್ತಾನೆ, ಅವನಿಗೆ ಶಿಕ್ಷೆಯೂ ಒಂದು ಸವಾರಿ. ಇನ್ನೊಬ್ಬಳು ನಾಗಲೆ, ಕೆರೆಯ ತೂಬು ಕಾಯುವವನ ಮಗಳು. ಪಾಸಾದರೆ ಊರ ಕೆರೆಯ ನೀರು ಬಿಡುವ ಅಧಿಕಾರ ಅವಳದು. ಹೊರಬಿದ್ದರೆ ರಾಜ್ಯದ ಯಾವ ಪಾಠಶಾಲೆಯೂ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ. ಆನೆಯಂತೂ ಇಲ್ಲ.

ಪ್ರಶ್ನೆ ಇಷ್ಟೇ. ನೆಟ್ಟನೆ ಗೋಡೆಯ ಒಂದು ಕಲ್ಲುತೊಟ್ಟಿಯ ತಳದಲ್ಲಿ ತೂತಿದೆ. ತುಂಬಿದ ನೀರು ಪೂರ್ತಿ ಖಾಲಿಯಾಗಲು ಹತ್ತು ಗಳಿಗೆ. ಅರ್ಧಕ್ಕೆ ಇಳಿಯುವುದು ಯಾವಾಗ? ಇಬ್ಬರೂ ಬರೆದದ್ದು ಮೂರು ಗಳಿಗೆಗೆ ತುಸು ಮುಂಚೆ ಎಂದು.

ಉಳಿದವರು ಏನು ಬರೆದರು ಎಂದು ರಾಜ ಕೇಳಿದ. ಪಂಡಿತ ಹೆಮ್ಮೆಯಿಂದ ಓದಿದ. ಒಬ್ಬ ಐದು ಎಂದಿದ್ದ, ಒಬ್ಬ ಎಂಟೂಕಾಲು. ಪಕ್ಕದವನಿಗೆ ಹೊಂದಿಬಿಟ್ಟರೆ ಕಷ್ಟ ಎಂದು ಹೆದರಿದ ಒಬ್ಬ ಹದಿನೇಳು ಎಂದು ಬರೆದಿದ್ದ, ಅಂದರೆ ಪೂರ್ತಿ ಖಾಲಿಯಾದ ಮೇಲೆ ಏಳು ಗಳಿಗೆ ಕಳೆದು ತೊಟ್ಟಿ ಅರ್ಧವಾಗುತ್ತದೆ. ಇವರೆಲ್ಲ ಪ್ರಾಮಾಣಿಕರು, ಇವರನ್ನು ಉಳಿಸಿಕೊಂಡಿದ್ದೇನೆ ಎಂದ ಪಂಡಿತ. ಆ ಇಬ್ಬರನ್ನು ಹೊರಹಾಕಲು ರಾಜಮುದ್ರೆ ಬೇಕೆಂದ.

ರಾಜನ ಕೈ ಮುದ್ರೆಯತ್ತ ಹೋಯಿತು. ಪಕ್ಕದಲ್ಲಿದ್ದ ಬೊಮ್ಮರಸ ಕೆಮ್ಮಿದ. ರಾಜನಿಗೆ ಎದುರಾಡುವುದಕ್ಕೆಂದೇ ರಾಜನಿಂದ ಸಂಬಳ ಪಡೆಯುತ್ತಿದ್ದ ಆಸ್ಥಾನಿಕ ಅವನು. ಪಂಡಿತರು ಹೇಳಿದ್ದು ನ್ಯಾಯವೇ, ಆದರೆ ಕಳ್ಳರು ಇಬ್ಬರೇ ಇರಲಾರರು, ಮೂರನೆಯವನು ಅರಮನೆಯ ಅಂಗಳದಲ್ಲೇ ಅಡಗಿದ್ದಾನೆ ಎಂದ.

ಪಂಡಿತನ ಕಣ್ಣು ಮಿಂಚಿತು. ಯಾರೇ ಇರಲಿ, ದಯೆ ತೋರಿಸಬಾರದು ಎಂದ.

“ಖಂಡಿತ ತೋರಿಸುವುದಿಲ್ಲ” ಎಂದು ಬೊಮ್ಮರಸ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಕುದುರೆಗಳು ನೀರು ಕುಡಿಯುವ ಕಲ್ಲುತೊಟ್ಟಿ ಇತ್ತು. ಪಂಡಿತ ಪ್ರಶ್ನೆ ಮಾಡಿದ್ದೇ ಅದನ್ನು ನೋಡಿ. ಕಂಠದವರೆಗೆ ತುಂಬಿಸಿ, ಅರ್ಧಕ್ಕೆ ಸುಣ್ಣದ ಗೆರೆ ಎಳೆದು, ತಳದ ಬೆಣೆ ಕಿತ್ತರು. ಗಳಿಗೆ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರು. ಅದು ಒಮ್ಮೆ ಮುಳುಗಿದರೆ ಒಂದು ಗಳಿಗೆ.

ಆಸ್ಥಾನವೆಲ್ಲ ತೊಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತಿತು. ರಾಜ ಚಕ್ಕುಲಿ ತರಿಸಿದ. ಐದು ಗಳಿಗೆ ಎಂದವನ ಕಡೆಗೆ ಮಂತ್ರಿಯೊಬ್ಬ ಪಂದ್ಯ ಕಟ್ಟಿದ. ಹದಿನೇಳರ ಕಡೆಗೆ ರಾಜನೇ ಕಟ್ಟಿದ, ಆ ಹುಡುಗನ ಧೈರ್ಯ ಅವನಿಗೆ ಹಿಡಿಸಿತ್ತು. ಎರಡು ಸಲ ಬಟ್ಟಲು ಮುಳುಗಿತು. ಮೂರನೆಯ ಸಲ ಅಂಚಿನವರೆಗೆ ಮುಳುಗಿ, ಇನ್ನೇನು ತಳ ಸೇರಬೇಕು, ಅಷ್ಟರಲ್ಲಿ ತೊಟ್ಟಿಯ ನೀರು ಸುಣ್ಣದ ಗೆರೆ ಮುಟ್ಟಿತು.

ಬೊಮ್ಮರಸ ತೊಟ್ಟಿಯ ಕಡೆ ಕೈ ತೋರಿಸಿದ. “ಇವನೇ. ಅದೇ ಉತ್ತರ, ಒಂದು ಹನಿಯೂ ಹೆಚ್ಚುಕಡಿಮೆ ಇಲ್ಲ. ಪಂಡಿತರೇ, ಪರೀಕ್ಷೆಯಲ್ಲಿ ಇವನು ನಾಗಲೆಯ ಪಕ್ಕ ಕೂತಿದ್ದನೋ, ದೇವರಸನ ಪಕ್ಕವೋ?”

“ಅದು ಕಲ್ಲು” ಎಂದ ಪಂಡಿತ.

“ಕಲ್ಲಾದರೇನು, ದಯೆ ಬೇಡ ಎಂದವರು ನೀವು. ಭಟರೇ, ತೊಟ್ಟಿಯನ್ನು ಊರಾಚೆ ಅಟ್ಟಿ. ಕುದುರೆಗಳಿಗೆ ಪ್ರಾಮಾಣಿಕವಾದ ಬೇರೆ ತೊಟ್ಟಿ ತನ್ನಿ, ಹದಿನೇಳು ಗಳಿಗೆಯದು.”

ಭಟರು ನಿಜವಾಗಿಯೂ ಹಾರೆ ತಂದರು. ರಾಜನ ಬಾಯಿಂದ ಚಕ್ಕುಲಿ ಹಾರಿತು.

ನಗು ನಿಲ್ಲುವ ಮೊದಲೇ ಬೊಮ್ಮರಸ ಪಂಡಿತನತ್ತ ತಿರುಗಿದ. ನಿಮ್ಮ ಲೆಕ್ಕದಲ್ಲಿ ಎಷ್ಟು ಗಳಿಗೆ ಬರುತ್ತದೆ, ಅದನ್ನೂ ಹೇಳಿಬಿಡಿ ಎಂದ. ಪಂಡಿತ ಬಾಯಿ ತೆರೆದ. ತೆರೆದದ್ದನ್ನು ಮುಚ್ಚಿದ. ಇವರದೇ ಉತ್ತರ ಹೇಳಿದರೆ ತಾನೂ ಕಳ್ಳ. ಬೇರೆ ಹೇಳಿದರೆ ತಪ್ಪು ಎಂದು ತೊಟ್ಟಿಯೇ ಸಾಕ್ಷಿ ಹೇಳುತ್ತದೆ. ಕಾಯುವಷ್ಟು ಕಾದ ಬೊಮ್ಮರಸ, ಈ ಉತ್ತರ ಹೇಗೆ ಬಂತಮ್ಮಾ ಎಂದು ನಾಗಲೆಯನ್ನು ಕೇಳಿದ.

“ನೀರು ಎತ್ತರವಿದ್ದಾಗ ರಭಸ ಹೆಚ್ಚು, ಇಳಿದಂತೆ ಕಡಿಮೆ. ಅದಕ್ಕೇ ಮೇಲಿನ ಅರ್ಧ ಬೇಗ ಹೋಗುತ್ತದೆ. ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ, ಸ್ವಾಮಿ. ಕಳ್ಳಿ ಎಂದರು, ಹೇಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ.”

ರಾಜ ಮುದ್ರೆಯನ್ನು ಒತ್ತಿದ, ಕೆರೆಯ ಅಧಿಕಾರದ ಓಲೆಯ ಮೇಲೆ. ಅದನ್ನು ನಾಗಲೆಯ ಕೈಗಿತ್ತ. ತನ್ನ ಕೊರಳ ಸರವನ್ನು ಬೊಮ್ಮರಸನಿಗೆ ಎಸೆದ.

ಪಂಡಿತನಿಗೆ ಇನ್ನೂ ಸಮಾಧಾನವಿರಲಿಲ್ಲ. ಹಾಗಾದರೆ ನಿಜವಾಗಿ ನಕಲು ಮಾಡಿದವರನ್ನು ಹಿಡಿಯುವುದು ಹೇಗೆ, ನೀವೇ ಹೇಳಿ ಎಂದ.

ಬೊಮ್ಮರಸ ಸರ ಹಾಕಿಕೊಳ್ಳುತ್ತ ಹೇಳಿದ: “ಇಬ್ಬರೂ ಹದಿನೇಳು ಎಂದು ಬರೆದ ದಿನ ಹಿಡಿಯಿರಿ, ಪಂಡಿತರೇ. ಸರಿಯುತ್ತರ ಲೋಕಕ್ಕೆಲ್ಲ ಒಂದೇ. ಅಂಥ ತಪ್ಪನ್ನು ಮಾತ್ರ ಒಬ್ಬೊಬ್ಬರೇ ಕೂತು ಕಷ್ಟಪಟ್ಟು ಮಾಡಬೇಕು.”